ಮಿರಗದ ಮಳೆಗೆ ಮುಂಚೆ ಪಕ್ಕದ ಮನೆಯ ಮಾಳಿಗೆ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಯ ಕ್ರೈಸ್ತ ಸಭೆಗಳ ಯುವಜನರಿಗೊಂದು ಬಹಿರಂಗ ಪತ್ರ

ಪ್ರಿಯ ತಮ್ಮಂದಿರೇ, ತಂಗಿಯರೇ,

ನಿಮ್ಮಲ್ಲಿ ಕೆಲವರು ಮೆಥೋಡಿಸ್ಟ್ ಸಭೆಯವರು, ಕೆಲವರು 2005ರಲ್ಲಿ ಸ್ಥಾಪನೆಯಾದ ಗುಲ್ಬರ್ಗ ಧರ್ಮಪ್ರಾಂತ್ಯದ ಕಥೋಲಿಕರು, ಇನ್ನು ಕೆಲವರು ಓಣಿಯ ಒಂದು ಕೋಣೆಯಲ್ಲಿ ಕೂಡಿ ಪ್ರಾರ್ಥಿಸುವ ಸಣ್ಣ ಸಭೆಗಳವರು. ಈ ಪತ್ರ ಎಲ್ಲರಿಗೂ. ಕೇಳಬೇಕಾದ್ದನ್ನು ಮೊದಲೇ ಕೇಳಿಬಿಡುತ್ತೇನೆ. ಈಸ್ಟರ್ ಮುಗಿದ ಮೇಲೆ, ಮಿರಗದ ಮಳೆ ಬೀಳುವುದಕ್ಕೆ ಮುಂಚೆ, ನಿಮ್ಮ ಸಭೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ಒಂದು ಸೋರುವ ಮನೆಯನ್ನು ನಿಮ್ಮ ಕೈಯಾರೆ ರಿಪೇರಿ ಮಾಡಿಕೊಡಿ. ಮುಂದಿನ ವರ್ಷ ಇನ್ನೊಂದು ಮನೆ. ಇಷ್ಟನ್ನು ನಿಮ್ಮ ಯುವಕ ಸಂಘದ ಸೇವೆಯಾಗಿ ಮಾಡಿಕೊಳ್ಳಿ.

ನಮ್ಮದು ಊರೂರಿಗೆ ಮನೆ ಕಟ್ಟಿಸಿದ ಸೀಮೆ. ಶಹಾಬಾದಿನ ಪರ್ಸಿ ಹಾಸದ ಊರು ದಖ್ಖನದಲ್ಲಿ ಕಡಿಮೆ. ವಾಡಿ, ಸೇಡಂ, ಮಳಖೇಡದ ಸುಣ್ಣದಕಲ್ಲು ಸಿಮೆಂಟಾಗಿ ರೈಲು ಹತ್ತಿ ದೂರದೂರದ ಪಟ್ಟಣಗಳಿಗೆ ಹೋಗುತ್ತದೆ. ಆದರೆ ಗಣಿಯಲ್ಲಿ ಪರ್ಸಿ ಎಬ್ಬಿಸುವ ಎಷ್ಟೋ ಮಂದಿಯ ಮನೆಯ ಮೇಲೆ ಇರುವುದು ತಗಡು. ತಗಡು ಗಾಳಿಗೆ ಹಾರದಿರಲೆಂದು ಅದರ ಮೇಲೆ ಹೇರಿದ ಕಲ್ಲು. ಚಿಂಚೋಳಿಯ ತಾಂಡಾಗಳಿಂದ ದುಡಿಯುವ ವಯಸ್ಸಿನವರು ಮುಂಬೈ, ಪುಣೆ, ಹೈದರಾಬಾದಿಗೆ ಕಟ್ಟಡದ ಕೆಲಸಕ್ಕೆ ಗುಳೆ ಹೋಗುತ್ತಾರೆ. ಪರವೂರಲ್ಲಿ ಅವರು ಗಟ್ಟಿ ಗೋಡೆ ಎಬ್ಬಿಸುವಾಗ, ಊರಲ್ಲಿ ಅವರ ತಂದೆತಾಯಿ ಬಿರುಕು ಬಿಟ್ಟ ಗೋಡೆಯ ಪಕ್ಕ ಮಲಗಿರುತ್ತಾರೆ. ಮಾಳಿಗೆಗೆ ಮಣ್ಣು ಏರಿಸುವ ಮಗ ಊರಲ್ಲಿಲ್ಲ, ಏಣಿ ಹತ್ತುವ ಶಕ್ತಿ ಮುದುಕನಿಗಿಲ್ಲ. ಮನೆ ಹಾಳಾಗುವುದು ಹೀಗೆ.

ನೆಲದಡಿಯಲ್ಲಿ ಸಂಪತ್ತು, ನೆಲದ ಮೇಲೆ ಹರಕು ಸೂರು ಎಂಬ ಸ್ಥಿತಿ ಅಮೆರಿಕದ ಅಪಲಾಚಿಯಾ ಬೆಟ್ಟಸೀಮೆಯಲ್ಲೂ ಇತ್ತು. ನಮ್ಮಲ್ಲಿ ಸುಣ್ಣದಕಲ್ಲು, ಅಲ್ಲಿ ಕಲ್ಲಿದ್ದಲು. ಅಲ್ಲಿನ ಕೆಂಟಕಿ ರಾಜ್ಯದಲ್ಲಿ ಗ್ಲೆನ್ ಇವಾನ್ಸ್ ಎಂಬ ಮೆಥೋಡಿಸ್ಟ್ ಪಾದ್ರಿ ಇದ್ದರು. ಎಲ್ಲರೂ ಟೆಕ್ಸ್ ಇವಾನ್ಸ್ ಎನ್ನುತ್ತಿದ್ದರು. ಆ ಬೆಟ್ಟದ ಜನರ ನಡುವೆಯೇ ಬದುಕಿ, ಅವರ ಮನೆಗಳಲ್ಲಿ ಕೂತು ಮಾತಾಡಿ, ಅವರ ಕಷ್ಟ ಬಲ್ಲವರು. 1969ರ ಬೇಸಿಗೆಯಲ್ಲಿ ಅವರು ಸಭೆಗಳ 50 ಸ್ವಯಂಸೇವಕರನ್ನು ಕರೆದುಕೊಂಡು ಹೋಗಿ ನಾಲ್ಕು ಮನೆಗಳನ್ನು ರಿಪೇರಿ ಮಾಡಿಸಿದರು. ಅಪಲಾಚಿಯಾ ಸರ್ವಿಸ್ ಪ್ರಾಜೆಕ್ಟ್ ಹುಟ್ಟಿದ್ದು ಹಾಗೆ. ಅಂದಿನಿಂದ ಹೈಸ್ಕೂಲು, ಕಾಲೇಜಿನ ಮಕ್ಕಳು ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋಗಿ ಸೂರು ಸರಿಪಡಿಸುತ್ತಾರೆ, ಕೊಳೆತ ಹಲಗೆ ಬದಲಿಸುತ್ತಾರೆ, ಮೆಟ್ಟಿಲು ಕಟ್ಟುತ್ತಾರೆ. ಮನೆ ಬೆಚ್ಚಗಿರಬೇಕು, ಒಣಗಿರಬೇಕು, ಅದರಲ್ಲಿ ಇರುವವರಿಗೆ ಅಪಾಯ ಇರಬಾರದು ಎಂಬುದಷ್ಟೇ ಅವರ ಗುರಿ. ಇವಾನ್ಸರು ಕಲಿಸಿದ ಮೊದಲ ಪಾಠ, ಆ ಮನೆಯವರು ಹೇಗಿದ್ದಾರೋ ಹಾಗೆಯೇ ಅವರನ್ನು ಒಪ್ಪಿಕೊಳ್ಳಿ ಎಂಬುದು. ಆ ಸಂಸ್ಥೆಯ ಕೇಂದ್ರ ಇರುವುದು ಪೂರ್ವ ಟೆನೆಸಿಯ ಜಾನ್ಸನ್ ಸಿಟಿಯಲ್ಲಿ. ನಮ್ಮ ನೆರೆಯ ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆಗೆ ಹೆಸರು ಬಂದದ್ದೂ ಅದೇ ಸೀಮೆಯ ಮೆಥೋಡಿಸ್ಟರಿಂದ. ಅಲ್ಲಿಯ ಸಭೆಗಳಿಗೂ ನಮ್ಮ ಸೀಮೆಗೂ ಋಣಾನುಬಂಧ ಹಳೆಯದು.

ಇನ್ನೊಂದು ಸಂಗತಿಯನ್ನು ಸ್ವಲ್ಪ ವಿವರವಾಗಿ ಹೇಳಬೇಕು. 1942ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಅಮೇರಿಕಸ್ ಎಂಬ ಊರಿನ ಹತ್ತಿರ ಕ್ಲಾರೆನ್ಸ್ ಜೋರ್ಡನ್ ಮತ್ತು ಮಾರ್ಟಿನ್ ಇಂಗ್ಲೆಂಡ್ ಎಂಬ ಇಬ್ಬರು ಬ್ಯಾಪ್ಟಿಸ್ಟರು ಹೊಲ ಕೊಂಡು ಕೊಯಿನೋನಿಯ ಎಂಬ ಕೂಡುಬಾಳ್ವೆ ಶುರುಮಾಡಿದರು. ಜೋರ್ಡನ್ ಕೃಷಿ ಓದಿದವರು, ಜೊತೆಗೆ ಹೊಸ ಒಡಂಬಡಿಕೆಯ ಗ್ರೀಕ್ ಭಾಷೆಯಲ್ಲಿ ಪಂಡಿತರು. ಇಂಗ್ಲೆಂಡ್ ಬರ್ಮಾದಲ್ಲಿ ಮಿಷನರಿಯಾಗಿದ್ದವರು. ಆ ಸೀಮೆಯಲ್ಲಿ ಬಿಳಿಯರೂ ಕರಿಯರೂ ಒಂದೇ ಪಂಕ್ತಿಯಲ್ಲಿ ಉಣ್ಣುವಂತಿರಲಿಲ್ಲ. ಇವರು ತಮ್ಮ ಹೊಲದಲ್ಲಿ ದುಡಿಯುವ ಕರಿಯ ನೆರೆಯವರೊಂದಿಗೆ ಒಂದೇ ಮೇಜಿಗೆ ಕೂತು ಉಂಡರು, ಒಂದೇ ಕೂಲಿ ಕೊಟ್ಟರು. ಅದಕ್ಕೆ ತೆತ್ತ ಬೆಲೆ ದೊಡ್ಡದು. 1950ರ ದಶಕದಲ್ಲಿ ಊರಿನ ವ್ಯಾಪಾರಿಗಳು ಅವರಿಗೆ ಬಹಿಷ್ಕಾರ ಹಾಕಿದರು; ರಸ್ತೆ ಬದಿಯ ಅವರ ಅಂಗಡಿಗೆ ಬಾಂಬು ಬಿತ್ತು; ಮನೆಗಳ ಮೇಲೆ ಗುಂಡು ಹಾರಿತು. ಅವರು ಊರು ಬಿಡಲಿಲ್ಲ.

1965ರಲ್ಲಿ ಮಿಲರ್ಡ್ ಫುಲ್ಲರ್ ಎಂಬ ಶ್ರೀಮಂತ ವಕೀಲರು ಹೆಂಡತಿ ಲಿಂಡಾ ಜೊತೆ ಅಲ್ಲಿಗೆ ಬಂದರು. ಗಳಿಕೆಯ ಓಟದಲ್ಲಿ ಸಂಸಾರ ಮುರಿಯುವ ಹಂತ ತಲುಪಿ, ಆಸ್ತಿಯೆಲ್ಲ ಬಿಟ್ಟುಕೊಡಲು ನಿರ್ಧರಿಸಿದ ದಂಪತಿ ಅವರು. ಅಲ್ಲಿದ್ದ ಸ್ನೇಹಿತರನ್ನು ಕಂಡು ಮುಂದೆ ಹೊರಡಬೇಕೆಂದು ಬಂದವರು ಒಂದು ತಿಂಗಳು ಉಳಿದರು. 1968ರಲ್ಲಿ ಮತ್ತೆ ಬಂದು ಜೋರ್ಡನ್ನರ ಜೊತೆ ಕೂತು ಯೋಚಿಸಿದರು. ಸುತ್ತಲಿನ ಕರಿಯ ಕುಟುಂಬಗಳು ನೀರಿನ ನಲ್ಲಿಯೂ ಇಲ್ಲದ ಗುಡಿಸಲುಗಳಲ್ಲಿದ್ದವು. ಒಟ್ಟಿಗೆ ಉಂಡವರಿಗೆ ಅದು ಗೊತ್ತಿತ್ತು. ಲಾಭವಿಲ್ಲದೆ, ಬಡ್ಡಿಯಿಲ್ಲದೆ ಮನೆ ಕಟ್ಟಿಕೊಡುವುದು, ಮನೆಯವರೂ ಕಟ್ಟುವ ಕೆಲಸಕ್ಕೆ ಕೈಹಾಕುವುದು, ಅವರು ಕಂತಿನಲ್ಲಿ ಮರಳಿಸಿದ ದುಡ್ಡಿನಿಂದ ಮುಂದಿನ ಮನೆ ಎಬ್ಬಿಸುವುದು ಎಂದು ತೀರ್ಮಾನವಾಯಿತು. ಮೊದಲ ಮನೆ ನೆರೆಯ ಒಂದು ಕುಟುಂಬಕ್ಕೆ. ಆ ಮನೆ ಮುಗಿಯುವ ಮುಂಚೆಯೇ, 1969ರ ಅಕ್ಟೋಬರಿನಲ್ಲಿ, ಜೋರ್ಡನ್ ತೀರಿಕೊಂಡರು. ಫುಲ್ಲರ್ ಮುಂದುವರಿಸಿದರು, 1976ರಲ್ಲಿ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಸ್ಥಾಪನೆಯಾಯಿತು. ಅಮೆರಿಕದ ಅಧ್ಯಕ್ಷರಾಗಿದ್ದ ಜಿಮ್ಮಿ ಕಾರ್ಟರ್ 1984ರಿಂದ ಮುಪ್ಪಿನ ತನಕ ಅದರ ಸೈಟುಗಳಲ್ಲಿ ಸುತ್ತಿಗೆ ಹಿಡಿದು ಕೆಲಸ ಮಾಡಿದರು. 2006ರಲ್ಲಿ ಲೋಣಾವಳದ ಹತ್ತಿರವೂ ಬಂದು ಮನೆ ಕಟ್ಟಿದರು.

ಈ ಕೆಲಸ ನಮ್ಮಿಂದ ದೂರವೂ ಇಲ್ಲ. ಹ್ಯಾಬಿಟ್ಯಾಟ್ ಭಾರತದಲ್ಲಿ ಕಾಲಿಟ್ಟದ್ದು 1983ರಲ್ಲಿ, ಖಮ್ಮಂನಲ್ಲಿ. ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ದಾಟಿ ಸಿಕಂದರಾಬಾದಿಗೆ ಹೋಗುವ ನಮ್ಮ ಹಳಿ ಅಲ್ಲಿಂದ ಮುಂದೆ ಖಮ್ಮಮ್ಮಿಗೂ ಹೋಗುತ್ತದೆ. 1874ರಲ್ಲಿ ನಿಜಾಮರ ರೈಲು ವಾಡಿಯಿಂದ ಓಡತೊಡಗಿದಾಗಿನಿಂದ ಆ ದಾರಿಯಲ್ಲಿ ನಾವು ಕೂಲಿಗೆ, ಓದಿಗೆ, ಆಸ್ಪತ್ರೆಗೆ ಹೋಗುತ್ತಲೇ ಇದ್ದೇವೆ.

ಈ ಎರಡು ಕತೆಗಳನ್ನು ಹೇಳಿದ್ದಕ್ಕೆ ಕಾರಣವಿದೆ. ಎರಡು ಕಡೆಯೂ ಸ್ನೇಹ ಮೊದಲು, ಸಂಸ್ಥೆ ಆಮೇಲೆ. ಜೋರ್ಡನ್ ಮೊದಲ ಮನೆಗೆ ಯೋಜನೆ ಹಾಕುವ ಹೊತ್ತಿಗೆ ನೆರೆಯವರೊಂದಿಗೆ ಇಪ್ಪತ್ತೈದು ವರ್ಷ ಒಟ್ಟಿಗೆ ಉಂಡಿದ್ದರು. ಇದು ಯಾಕೆ ಮುಖ್ಯ ಎಂಬುದನ್ನು ನಮ್ಮ ಓಣಿಯಲ್ಲೇ ನೋಡಬಹುದು. ಸೋರುವ ಮನೆಯನ್ನು ಜನ ಮುಚ್ಚಿಡುತ್ತಾರೆ. ಹೊರಗಿನವರನ್ನು ಕಟ್ಟೆಯ ಮೇಲೆ ಕೂಡಿಸಿ ಚಹಾ ಕೊಡುತ್ತಾರೆ, ಒಳಗೆ ಕರೆಯುವುದಿಲ್ಲ. ರಾತ್ರಿ ಎಲ್ಲೆಲ್ಲಿ ಬೋಗುಣಿ ಇಡುತ್ತಾರೆ, ಯಾವ ತೊಲೆಯ ಕೆಳಗೆ ಮಕ್ಕಳನ್ನು ಮಲಗಿಸುವುದಿಲ್ಲ ಎಂಬುದು ಅವರಿಗೆ ಮಾತ್ರ ಗೊತ್ತು. ಬಡತನಕ್ಕಿಂತ ಬಡತನ ಕಾಣುವ ನಾಚಿಕೆ ಅವರಿಗೆ ಹೆಚ್ಚು ನೋವು ಕೊಡುತ್ತದೆ. ಸಮೀಕ್ಷೆಗೆ ಫಾರ್ಮು ಹಿಡಿದು ಬಂದವರ ಮುಂದೆ ಆ ಬಾಗಿಲು ತೆರೆಯುವುದಿಲ್ಲ. ದಿನಾ ಎದುರಾದಾಗ ಮಾತಾಡಿಸುವ ಹುಡುಗ "ಯವ್ವಾ, ಮಾಳಿಗಿ ಸೋರ್ಲತ್ತದ ಏನ?" ಎಂದು ಕೇಳಿದರೆ ತೆರೆಯುತ್ತದೆ. ಆದ್ದರಿಂದ ಯಾರ ಮನೆ ಎಂದು ಪಟ್ಟಿ ಮಾಡಲು ಹೊರಡಬೇಡಿ. ನೀವು ಈಗಾಗಲೇ ಕಾಕಾ, ಮಾಮಾ, ಚಿಗವ್ವ, ಆಪಾ ಎಂದು ಕರೆಯುವವರ ಮನೆಯಿಂದ ಶುರುಮಾಡಿ.

ವೇದದಲ್ಲೂ ಈ ಕೆಲಸಕ್ಕೆ ಆಧಾರ ಬೇಕಾದಷ್ಟಿದೆ. ಮಾರ್ಕನ ಸುವಾರ್ತೆಯ ಎರಡನೆಯ ಅಧ್ಯಾಯದಲ್ಲಿ ನಾಲ್ವರು ಪಾರ್ಶ್ವವಾಯು ರೋಗಿಯನ್ನು ಹೊತ್ತು ತಂದು, ಮಾಳಿಗೆ ತೆಗೆದು ಯೇಸುವಿನ ಮುಂದೆ ಇಳಿಸಿದರು. ಆ ಮಾಳಿಗೆ ತೊಲೆ, ಕಟ್ಟಿಗೆ, ಮಣ್ಣಿನದು. ನಮ್ಮ ಕಡೆಯ ಮಾಳಿಗೆಯ ಹಾಗೆಯೇ. ಆ ನಾಲ್ವರ ನಂಬಿಕೆ ಕಂಡದ್ದು ಅವರ ಕೈಕೆಲಸದಲ್ಲಿ. ಧರ್ಮೋಪದೇಶಕಾಂಡದ 22ನೆಯ ಅಧ್ಯಾಯವು ಹೊಸ ಮನೆ ಕಟ್ಟುವವನು ಮಾಳಿಗೆಗೆ ಕೈಪಿಡಿ ಗೋಡೆ ಕಟ್ಟಲೇಬೇಕು, ಇಲ್ಲದಿದ್ದರೆ ಬಿದ್ದವನ ರಕ್ತ ಆ ಮನೆಯ ಮೇಲೆ ಎನ್ನುತ್ತದೆ. ನೆಹೆಮೀಯನ ಮೂರನೆಯ ಅಧ್ಯಾಯವನ್ನು ಸಭೆಯಲ್ಲಿ ಓದುವುದು ಅಪರೂಪ. ಬರೀ ಹೆಸರುಗಳ ಪಟ್ಟಿ ಎಂದು ದಾಟಿಹೋಗುತ್ತೇವೆ. ಆದರೆ ಕುಸಿದ ಯೆರೂಸಲೇಮಿನ ಗೋಡೆಯನ್ನು ಹಲವರು ತಮ್ಮ ತಮ್ಮ ಮನೆಯ ಎದುರಿನ ಭಾಗ ಹಿಡಿದು ಕಟ್ಟಿದರು ಎಂಬುದು ಅಲ್ಲಿಯೇ ಇದೆ. ಅಕ್ಕಸಾಲಿಗರೂ ವ್ಯಾಪಾರಿಗಳೂ ಕಟ್ಟಿದರು, ಒಬ್ಬನು ತನ್ನ ಹೆಣ್ಣುಮಕ್ಕಳೊಂದಿಗೆ ಕಟ್ಟಿದ. ನಿಮ್ಮ ಸೇವೆಗೆ ಇದಕ್ಕಿಂತ ಒಳ್ಳೆಯ ನಕ್ಷೆ ಬೇಕಿಲ್ಲ.

ಈಗ ಕೆಲಸದ ಮಾತು. ನಮ್ಮ ಹಳೆಯ ಮನೆಗಳಿಗೆ ಕಲ್ಲು ಮಣ್ಣಿನ ದಪ್ಪ ಗೋಡೆ, ಮೇಲೆ ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ ಅಥವಾ ಪರ್ಸಿ, ಅದರ ಮೇಲೆ ಮಣ್ಣು. ಬಿಸಿಲಿಗೆ ಇದಕ್ಕಿಂತ ತಂಪಾದ ಮನೆ ಇಲ್ಲ. ಆದರೆ ವರ್ಷವರ್ಷ ಸೋರಿದ ಕಡೆ ಹೊಸ ಮಣ್ಣು ಏರಿಸುತ್ತ ಹೋದರೆ ಭಾರ ಏರುತ್ತದೆ, ಕೆಳಗಿನ ಜಂತಿ ಒಳಗೇ ಕೊಳೆಯುತ್ತದೆ. ಜೋರು ಮಳೆಯ ರಾತ್ರಿ ನೀರು ಕುಡಿದ ಮಣ್ಣು ಮತ್ತಷ್ಟು ಭಾರವಾಗಿ ಮಾಳಿಗೆ ಕುಸಿಯುತ್ತದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಲಾತೂರಿನ ಕಿಲ್ಲಾರಿಯಲ್ಲಿ ಭೂಕಂಪವಾದಾಗ ಸಾವಿರಾರು ಜನ ಸತ್ತದ್ದು ಇಂಥ ಗೋಡೆ, ಇಂಥ ಮಾಳಿಗೆಗಳ ಭಾರಕ್ಕೆ ಸಿಕ್ಕಿ. ಚಿಂಚೋಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2021ರ ಅಕ್ಟೋಬರಿನಲ್ಲಿ ಗಡಿಕೇಶ್ವರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ ಭೂಮಿ ನಡುಗಿದಾಗ ಜನ ಮನೆಯೊಳಗೆ ಮಲಗಲು ಹೆದರಿ ಬಯಲಲ್ಲಿ ರಾತ್ರಿ ಕಳೆದರು. ಅದಕ್ಕೆ ಒಂದು ವರ್ಷ ಮುಂಚೆ, 2020ರ ಅಕ್ಟೋಬರಿನಲ್ಲಿ, ಭೀಮಾ, ಕಾಗಿಣಾ ಉಕ್ಕಿ ಬಂದು ನೀರಲ್ಲಿ ನೆಂದ ಗೋಡೆಗಳು ಬಿದ್ದವು.

ಹಾಗಾಗಿ ಮೊದಲ ನಿಯಮ, ಹಳೆಯ ಮಣ್ಣು ಇಳಿಸದೆ ಹೊಸ ಮಣ್ಣು ಏರಿಸಬೇಡಿ. ಬಲ್ಲ ಗೌಂಡಿಯೊಬ್ಬರನ್ನು ಕರೆದುಕೊಂಡು ಹೋಗಿ ಜಂತಿಗಳನ್ನು ಒಂದೊಂದಾಗಿ ಕುಟ್ಟಿ ನೋಡಿ, ಟೊಳ್ಳಾದುದನ್ನು ಬದಲಿಸಿ, ಆಮೇಲೆ ತೆಳ್ಳಗೆ ಮಣ್ಣು ಹಾಕಿ, ನೀರು ನಿಲ್ಲದಂತೆ ಇಳಿಜಾರು ಕೊಡಿ. ಮಾಳಿಗೆಯ ನೀರು ಗೋಡೆಗೆ ತಾಗದೆ ದೂರ ಬೀಳುವಂತೆ ಕೊಳವೆ ಹೊರಚಾಚಲಿ. ಗೋಡೆ ಹೊಟ್ಟೆ ಬಿಟ್ಟಿದ್ದರೆ ನೀವೇ ಮುಟ್ಟಬೇಡಿ. ಎಂಜಿನಿಯರಿಂಗ್ ಓದಿದವರು, ಅನುಭವಿ ಗೌಂಡಿ ಬಂದು ನೋಡಲಿ. ಗೋಡೆಯ ಎರಡು ಮೈಗಳನ್ನು ಹಿಡಿದು ಕಟ್ಟುವಂತೆ ಆರ್‌ಪಾರ್ ಉದ್ದ ಕಲ್ಲು ಕೂಡಿಸುವುದನ್ನು ಕಿಲ್ಲಾರಿಯ ನಂತರ ಮಹಾರಾಷ್ಟ್ರದ ಹಳ್ಳಿಗಳಲ್ಲಿ ಗೌಂಡಿಗಳಿಗೆ ಕಲಿಸಲಾಯಿತು. ನಮ್ಮಲ್ಲೂ ಅದು ಬೇಕು.

ತಗಡಿನ ಮನೆಗೆ ಬೇರೆ ಕೆಲಸ. ಮೇಲೆ ಹೇರಿದ ಕಲ್ಲು ಬಿರುಗಾಳಿಗೆ ಉರುಳಿದರೆ ಒಳಗಿರುವವರ ತಲೆಯ ಮೇಲೆಯೇ ಬರುತ್ತದೆ. ಕಲ್ಲು ಇಳಿಸಿ, ತಗಡನ್ನು ಪೈಪಿಗೋ ಕಟ್ಟಿಗೆಗೋ ಜೆ-ಬೋಲ್ಟು, ರಬ್ಬರ್ ವಾಷರ್ ಹಾಕಿ ಬಿಗಿಯಿರಿ. ಇದಕ್ಕೆ ದೊಡ್ಡ ಖರ್ಚಿಲ್ಲ. ತಗಡಿನ ಮೇಲೆ, ಸ್ಲ್ಯಾಬಿನ ಮೇಲೆ ಬಿಳಿ ಸುಣ್ಣ ಬಳಿದರೆ ಏಪ್ರಿಲ್, ಮೇ ತಿಂಗಳ ಸೆಕೆ ಒಳಗೆ ಎದ್ದು ಕಾಣುವಷ್ಟು ಇಳಿಯುತ್ತದೆ. ಸೇಡಮಿನ ಗಡಿಯಾಚೆ ತೆಲಂಗಾಣ ಸರಕಾರ 2023ರಲ್ಲಿ ತಂಪು ಮಾಳಿಗೆಗೆಂದೇ ಒಂದು ನೀತಿ ತಂದಿದೆ. ಸುಣ್ಣದಕಲ್ಲಿನ ಮೇಲೆಯೇ ಕೂತಿರುವ ನಮಗೆ ಸುಣ್ಣಕ್ಕೆ ಬರವೇ?

ಇನ್ನು ಕೆಲವು ಕೆಲಸ ಸಣ್ಣವು, ಆದರೆ ಮುದುಕರಿಗೆ ಅವೇ ದೊಡ್ಡವು. ಎತ್ತರದ ಹೊಸ್ತಿಲಿಗೆ ಒಂದು ಮೆಟ್ಟಿಲು, ಬಚ್ಚಲಿನ ನುಣುಪು ಪರ್ಸಿಯ ಮೇಲೆ ಜಾರದಂತೆ ಕಚ್ಚು ಹಾಕುವುದು, ಶೌಚಾಲಯದ ಗೋಡೆಗೆ ಹಿಡಿದು ಏಳಲು ಒಂದು ಪೈಪು, ಬಾಗಿಲಿಗೆ ಅಗಳಿ, ಚರ್ಮ ಸುಲಿದ ಕರೆಂಟ್ ವಾಯರ್ ಬದಲಿಸುವುದು. ವಾಯರಿನ ಕೆಲಸಕ್ಕೆ ಐಟಿಐ ಕಲಿತವರನ್ನೇ ಹಚ್ಚಿ. ನಿಮ್ಮ ಸಭೆಗಳಲ್ಲಿ ಎಲೆಕ್ಟ್ರಿಷಿಯನ್, ವೆಲ್ಡರ್, ಫಿಟ್ಟರ್, ಗೌಂಡಿ ಇದ್ದೇ ಇರುತ್ತಾರೆ. ಸಿಮೆಂಟ್ ಕಾರ್ಖಾನೆ, ರೈಲ್ವೆಯ ಊರುಗಳು ಇವು. ಭಾನುವಾರ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತು ಹೋಗುವ ಅಂಥವರಿಗೆ ಈ ಸೇವೆಯಲ್ಲಿ ಮುಂದಿನ ಸಾಲು ಕೊಡಿ. ತಂಗಿಯರೇ, ನಿಮಗೆ ಅಡಿಗೆ, ಚಹಾದ ಕೆಲಸ ಮಾತ್ರ ಒಪ್ಪಿಸಿದರೆ ಒಪ್ಪಬೇಡಿ. ಗಣಿಯಲ್ಲಿ ಕಲ್ಲು ಹೊರುವ, ಕಟ್ಟಡದಲ್ಲಿ ಮಾಲು ಹೊರುವ ಹೆಂಗಸರ ಸೀಮೆಯಲ್ಲಿ ಹೆಣ್ಣಿಗೆ ಈ ಕೆಲಸ ಆಗದು ಎನ್ನುವವರು ಯಾರು?

ಸಾಮಾನಿನ ವಿಷಯದಲ್ಲಿ ಲಾರಿ ಬೇಕರ್ ಅವರ ಮಾದರಿ ನೆನಪಿರಲಿ. ಇಂಗ್ಲೆಂಡಿನ ಕ್ವೇಕರ್ ಕ್ರೈಸ್ತರಾದ ಅವರು ಕುಷ್ಠರೋಗಿಗಳ ಸೇವೆಯ ಕಟ್ಟಡಗಳಿಗಾಗಿ 1945ರಲ್ಲಿ ಭಾರತಕ್ಕೆ ಬಂದು, ಇಲ್ಲಿನವರೇ ಆಗಿ, 2007ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು. ಮನೆಯ ಸಾಮಾನೆಲ್ಲ ಐದು ಮೈಲಿಯೊಳಗೆ ಸಿಗುವಂಥದ್ದಿರಬೇಕು ಎಂದು ಗಾಂಧೀಜಿ ಹೇಳಿದ್ದನ್ನು ಅವರು ಕಡೆತನಕ ಪಾಲಿಸಿದರು. ಶಹಾಬಾದ್, ಚಿತ್ತಾಪುರದ ಗಣಿಗಳ ಬದಿಯಲ್ಲಿ ಅಂಚು ಮುರಿದ ಪರ್ಸಿ ರಾಶಿ ಬಿದ್ದಿರುತ್ತದೆ. ಮಾಲಕರನ್ನು ವಿನಯದಿಂದ ಕೇಳಿ. ಬಡವರ ಮನೆಗೆಂದರೆ ಕೊಡುವವರಿದ್ದಾರೆ.

ದುಡ್ಡು ಎಲ್ಲಿಂದ ಎಂದು ಕೇಳುತ್ತೀರಿ. ಹೊಸ ಮನೆಗೆ ಸರಕಾರದ ಯೋಜನೆಗಳಿವೆ. ಕೇಂದ್ರದ ಪ್ರಧಾನಮಂತ್ರಿ ಆವಾಸ್ ಯೋಜನೆ, ರಾಜ್ಯದ ಬಸವ ವಸತಿ ಯೋಜನೆ. ಮಳೆಗೆ ಮನೆ ಬಿದ್ದರೆ ಪರಿಹಾರದ ದಾರಿಯೂ ಉಂಟು. ಬೀಳುವ ಮುಂಚೆ ನಿಲ್ಲಿಸಿಕೊಳ್ಳಲು ಬಡವರಿಗೆ ನೆರವು ಸಿಗುವುದು ಅಪರೂಪ. ಆ ಸಂದಿಯಲ್ಲಿ ಸಭೆ ನಿಲ್ಲಬೇಕು. ಸುಗ್ಗಿ ಹಬ್ಬದ ಕಾಣಿಕೆಯಲ್ಲಿ ಒಂದು ಪಾಲು, ಕ್ರಿಸ್‌ಮಸ್ ದೀಪಾಲಂಕಾರದಲ್ಲಿ ಉಳಿಸಿದ ಒಂದು ಪಾಲು ಇದಕ್ಕೆಂದು ತೆಗೆದಿಡಲು ಸಭಾಪಾಲಕರನ್ನೂ ಹಿರಿಯರನ್ನೂ ಒಪ್ಪಿಸಿ. ಲೆಕ್ಕವನ್ನು ಸಭೆಯ ಬಾಗಿಲಿಗೆ ಅಂಟಿಸಿ. ಮನೆಯವರೂ ಕೈಲಾದಷ್ಟು ಕೊಡಲಿ, ಕೈಲಾದಷ್ಟು ದುಡಿಯಲಿ. ಏನೂ ಆಗದಿದ್ದರೆ ಯಾವ ಜಂತಿ ಯಾವಾಗ ಹಾಕಿದ್ದು ಎಂದು ಅಜ್ಜ ಹೇಳುತ್ತ ಕೂತರೂ ಅದು ಕೆಲಸವೇ. ಮನೆ ಅವರದು, ಏನು ಮೊದಲು, ಏನು ಬೇಡ ಎಂದು ಹೇಳುವ ಹಕ್ಕೂ ಅವರದು.

ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಿದೆ. ಈ ಸೇವೆಗೆ ಯಾವ ಷರತ್ತೂ ಇರಕೂಡದು. ನೆರೆಯವರು ಲಿಂಗಾಯತರಿರಲಿ, ಮುಸಲ್ಮಾನರಿರಲಿ, ದಲಿತರಿರಲಿ, ಲಂಬಾಣಿಯವರಿರಲಿ, ಮಾಳಿಗೆ ಸೋರುವುದೊಂದೇ ನೋಡಬೇಕಾದ್ದು. ಕೆಲಸದ ಹೊತ್ತಿನಲ್ಲಿ ಕರಪತ್ರ ಹಂಚಬೇಡಿ, ಸಭೆಗೆ ಬನ್ನಿ ಎನ್ನಬೇಡಿ, ಗೋಡೆಗೆ ಸಭೆಯ ಹೆಸರು ಬರೆಯಬೇಡಿ, ಮನೆಯವರನ್ನು ನಿಲ್ಲಿಸಿ ಫೋಟೋ ತೆಗೆಯಬೇಡಿ. ಒಳ್ಳೆಯ ಸಮಾರ್ಯದವನು ಗಾಯಾಳುವಿಗೆ ಎಣ್ಣೆ ಹಚ್ಚಿ ಪಟ್ಟಿ ಕಟ್ಟುವಾಗ ಅವನನ್ನು ಯಾವ ಮತದವನೆಂದು ಕೇಳಲಿಲ್ಲ. ಸಹಾಯಕ್ಕೆ ಬೆಲೆ ಕಟ್ಟಿದ ಕ್ಷಣ ಸ್ನೇಹ ಹೋಗುತ್ತದೆ, ಸ್ನೇಹ ಹೋದರೆ ಈ ಸೇವೆಗೆ ಬೇರೇ ಉಳಿಯುವುದಿಲ್ಲ. ಶರಣಬಸವೇಶ್ವರರ ದಾಸೋಹ, ಬಂದೇನವಾಜರ ದರ್ಗಾ ಇರುವ ಜಿಲ್ಲೆ ನಮ್ಮದು. ಮುಯ್ಯಾಳು ಮಾಡಿ ಹೊಲ ಕಟಾವು ಮಾಡಿದ ಹಿರಿಯರು ನಮ್ಮವರು. ನಿಮ್ಮ ಜೊತೆ ಬುಟ್ಟಿ ಹಿಡಿಯಲು ಪಕ್ಕದ ಓಣಿಯ ಹುಡುಗರು ಬಂದರೆ, ಅವರು ಯಾರೇ ಆಗಲಿ, ಸಂತೋಷದಿಂದ ಸೇರಿಸಿಕೊಳ್ಳಿ. ಹಾಗೆ ಕೂಡಿ ದುಡಿದ ಓಣಿಯಲ್ಲಿ ಒಬ್ಬರ ಮೇಲೊಬ್ಬರಿಗೆ ಅನುಮಾನ ಹುಟ್ಟಿಸುವುದು ಸುಲಭವಲ್ಲ.

ಕಾಲವೂ ನಿಮಗೆ ಅನುಕೂಲವಾಗಿದೆ. ಈಸ್ಟರ್ ಬರುವುದು ಮಾರ್ಚ್ ಕೊನೆಗೆ ಇಲ್ಲವೇ ಏಪ್ರಿಲ್‌ನಲ್ಲಿ. ಮಿರಗ ಕೂಡುವುದು ಜೂನ್ 7ರ ಹೊತ್ತಿಗೆ. ನಡುವೆ ಪರೀಕ್ಷೆ ಮುಗಿದಿರುತ್ತದೆ, ಹೊಲದ ಕೆಲಸ ಕಡಿಮೆ, ಮಣ್ಣು ಒಣಗಿರುತ್ತದೆ. ಬಿಸಿಲು ಮಾತ್ರ ಕೆಟ್ಟದ್ದು. ಬೆಳಿಗ್ಗೆ ಆರಕ್ಕೆ ಶುರುಮಾಡಿ ಹತ್ತಕ್ಕೆ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಳ್ಳಿ, ಮಜ್ಜಿಗೆ ಜೊತೆಗಿರಲಿ, ಏಣಿಯ ಬುಡದಲ್ಲಿ ಯಾವಾಗಲೂ ಒಬ್ಬರು ನಿಂತಿರಲಿ. ಮಳೆ ಶುರುವಾದ ಮೇಲೆ ಒಮ್ಮೆ ಹೋಗಿ ಎಲ್ಲಿ ಸೋರುತ್ತಿದೆ ನೋಡಿ, ಸೋರಿದರೆ ಮತ್ತೆ ಏರಿ. ದೀಪಾವಳಿ, ರಂಜಾನ್, ಬಸವ ಜಯಂತಿ, ತೀಜ್ ಬಂದಾಗ ಅವರ ಮನೆಗೆ ಊಟಕ್ಕೆ ಕರೆದರೆ ತಪ್ಪದೆ ಹೋಗಿ. ಕ್ರಿಸ್‌ಮಸ್ಸಿಗೆ ಅವರನ್ನು ಕರೆಯಿರಿ. ಕೊಯಿನೋನಿಯದಲ್ಲಿ ಎಲ್ಲವೂ ಶುರುವಾದದ್ದು ಊಟದ ಮೇಜಿನಿಂದ ಎಂಬುದನ್ನು ಮರೆಯಬೇಡಿ.

ಐದು ಊರುಗಳಲ್ಲಿ ವರ್ಷಕ್ಕೆ ಒಂದೊಂದು ಮನೆಯಾದರೆ ಐದು ಮನೆ. ಟೆಕ್ಸ್ ಇವಾನ್ಸ್ ಮೊದಲ ಬೇಸಿಗೆಯಲ್ಲಿ ರಿಪೇರಿ ಮಾಡಿಸಿದ್ದು ನಾಲ್ಕು. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ಹತ್ತು ನಿಮಿಷ ಕೂತು ಮಾತಾಡಿ, ಒಂದು ಮನೆ ನಿಶ್ಚಯ ಮಾಡಿ, ಆ ಸಂಜೆಯೇ ಆ ಮನೆಯವರನ್ನು ಕಂಡು ಅವರ ಒಪ್ಪಿಗೆ ಕೇಳಿ. ಅವರು ಒಪ್ಪಿದ ದಿನದಿಂದ ಕೆಲಸ ಶುರುವಾಗಲಿ.

ನಿಮ್ಮ ಹಿತ ಬಯಸುವ,
ಕಲಬುರಗಿ ಸೀಮೆಯ ಒಬ್ಬ ವಿಶ್ವಾಸಿ